ಗೇಮಿಂಗ್ ಪಿಸಿ ಜೋಡಿಸುವ ಮುನ್ನ ಶಾಖದ ಲೆಕ್ಕ

ಮನೆಯಲ್ಲೇ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳಬೇಕು ಅಂತ ಹೊರಟವರ ಪಟ್ಟಿ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಮೊದಲು ಪ್ರೊಸೆಸರ್, ಆಮೇಲೆ ಗ್ರಾಫಿಕ್ಸ್ ಕಾರ್ಡು, ಮದರ್‌ಬೋರ್ಡು, ರ‍್ಯಾಮ್. ದುಡ್ಡು ಮುಗಿಯುತ್ತ ಬಂದಾಗ ಉಳಿದದ್ದರಲ್ಲಿ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಪಿಸಿಯ ಭಾಗಗಳಿಗೆ ಹದಮಾಡಿ ಕೊಡುವ ಪೆಟ್ಟಿಗೆ), ಕ್ಯಾಬಿನೆಟ್, ಫ್ಯಾನು. ಬೇಸಿಗೆಯ ಮಧ್ಯಾಹ್ನ ಆ ದುಬಾರಿ ಪ್ರೊಸೆಸರ್ರು, ಕಾರ್ಡು ತಮ್ಮ ಪೂರ್ತಿ ವೇಗದಲ್ಲಿ ಓಡುತ್ತವೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಕೊನೆಗೆ ಉಳಿದ ಈ ವಸ್ತುಗಳೇ. ಹಾಗಾಗಿ ಬಿಡಿಭಾಗಗಳ ಆಯ್ಕೆಯನ್ನೂ ತಂಪಿನ ವ್ಯವಸ್ಥೆಯನ್ನೂ ಬೇರೆ ಬೇರೆ ವಿಷಯ ಅಂದುಕೊಳ್ಳಬೇಡಿ. ಮೊದಲ ದಿನದಿಂದಲೇ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿ. ಆ ಲೆಕ್ಕಕ್ಕೆ ಬೇಕಾದ ಅಳತೆ ವ್ಯಾಟ್.

ಕಂಪ್ಯೂಟರ್ ನೀರೆತ್ತುವುದಿಲ್ಲ, ಭಾರ ಎಳೆಯುವುದಿಲ್ಲ. ಅದು ಎಳೆದುಕೊಂಡ ಕರೆಂಟೆಲ್ಲ ಬಹುತೇಕ ಪೂರ್ತಿಯಾಗಿ ಶಾಖವಾಗಿಯೇ ಹೊರಬರುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎನ್‌ವಿಡಿಯಾದ ಆರ್‌ಟಿಎಕ್ಸ್ 4070 ಸೂಪರ್ ಕಾರ್ಡಿನ ಮಿತಿ 220 ವ್ಯಾಟ್. ಎಎಂಡಿಯ ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್ ಆಟದ ಹೊತ್ತಿನಲ್ಲಿ ಸುಮಾರು 60–70 ವ್ಯಾಟ್ ತೆಗೆದುಕೊಳ್ಳುತ್ತದೆ. ಮದರ್‌ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ ಇನ್ನೊಂದು 50–60 ಎನ್ನಿ. ಒಟ್ಟು 350 ವ್ಯಾಟಿನ ಸುತ್ತಮುತ್ತ ಆಯಿತು. ಎಸ್‌ಎಂಪಿಎಸ್ ನೂರಕ್ಕೆ 90ರಷ್ಟು ದಕ್ಷವಾಗಿದ್ದರೆ ಗೋಡೆಯ ಸಾಕೆಟ್ಟಿನಿಂದ 390 ವ್ಯಾಟ್ ಬರುತ್ತದೆ, ನಡುವಿನ 40 ವ್ಯಾಟ್ ಅದರೊಳಗೇ ಬಿಸಿಯಾಗಿ ಹೋಗುತ್ತದೆ. ಅಂದರೆ ಬಾಗಿಲು ಹಾಕಿದ 10 ಅಡಿಗೆ 10 ಅಡಿಯ ಕೋಣೆಯಲ್ಲಿ 390 ವ್ಯಾಟಿನ ಹೀಟರ್ ಉರಿಸಿಕೊಂಡು ಆಟ ಆಡಿದ ಹಾಗೆಯೇ. ಅತ್ಯುತ್ತಮ ಕೂಲರ್ ಹಾಕಿದರೂ ಈ ಮೊತ್ತ ಕಡಿಮೆಯಾಗುವುದಿಲ್ಲ. ಚಿಪ್ಪಿನ ಮೇಲಿದ್ದ ಶಾಖವನ್ನು ಕೂಲರ್ ಬೇಗ ಕೋಣೆಗೆ ದಾಟಿಸುತ್ತದೆ, ಅಷ್ಟೇ.

ಇನ್ನೊಂದು ಸಂಗತಿಯನ್ನು ಯೂಟ್ಯೂಬಿನ ವಿಮರ್ಶೆ ನೋಡುವಾಗ ಬಹಳ ಜನ ಗಮನಿಸುವುದಿಲ್ಲ. ಗಾಳಿಯ ಕೂಲರ್ ಆಗಲಿ, ನೀರಿನ ಕೂಲರ್ ಆಗಲಿ, ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಅದರ ಕೈಯಲ್ಲಿರುವುದು ಕೋಣೆಗೂ ಚಿಪ್ಪಿಗೂ ನಡುವಿನ ಅಂತರ ಮಾತ್ರ. ವಿದೇಶಿ ವಿಮರ್ಶಕರು ಸಾಮಾನ್ಯವಾಗಿ 21–24 ಡಿಗ್ರಿಯ ಕೋಣೆಯಲ್ಲಿ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಪ್ರೊಸೆಸರ್ 72 ಡಿಗ್ರಿ ತೋರಿಸಿತು ಅಂದರೆ ಅಂತರ ಸುಮಾರು 50. ಅದೇ ಕೂಲರನ್ನು ಮೇ ತಿಂಗಳ ರಾಯಚೂರಿಗೋ ಕಲಬುರಗಿಗೋ ತನ್ನಿ. ಹೊರಗೆ 40 ದಾಟಿರುತ್ತದೆ, ಫ್ಯಾನ್ ಮಾತ್ರ ಇರುವ ಕೋಣೆಯೊಳಗೆ 36 ಇರಬಹುದು. ಅಂತರ ಅದೇ 50 ಆದರೂ ಚಿಪ್ಪು ಈಗ 86ರಲ್ಲಿ ನಿಂತಿದೆ. 7800ಎಕ್ಸ್3ಡಿ ಪ್ರೊಸೆಸರಿಗೆ ತಯಾರಕರು ಇಟ್ಟ ಮಿತಿಯೇ 89 ಡಿಗ್ರಿ. ಅಲ್ಲಿಗೆ ತಲುಪಿದರೆ ಅದೇನೂ ಸುಟ್ಟುಹೋಗುವುದಿಲ್ಲ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಡು ಆಟದಲ್ಲಿ ಚಿತ್ರ ತಡವರಿಸುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಯಾವುದೇ ವಿಮರ್ಶೆಯ ಅಂಕಿ ನೋಡಿದಾಗ ಅವರ ಕೋಣೆಯ ಉಷ್ಣತೆಯನ್ನು ಕಳೆದು, ನಿಮ್ಮೂರಿನ ಬೇಸಿಗೆಯ ಕೋಣೆಯ ಉಷ್ಣತೆಯನ್ನು ಕೂಡಿಸಿ ನೋಡಿ. ಬೆಂಗಳೂರಿಗೂ ಇದು ಅನ್ವಯಿಸುತ್ತದೆ. ಡಿಸೆಂಬರಿನಲ್ಲಿ ಸದ್ದಿಲ್ಲದೆ ಓಡಿದ ಯಂತ್ರ ಏಪ್ರಿಲಿನಲ್ಲಿ ಫ್ಯಾನು ಊದಲು ಶುರುಮಾಡುತ್ತದೆ.

ಮಂಗಳೂರು, ಉಡುಪಿ, ಕಾರವಾರದವರು ಕೇಳುವ ಪ್ರಶ್ನೆ ಬೇರೆ: ನಮ್ಮ ಸೆಕೆಗೆ ಯಂತ್ರ ತಡೆಯುತ್ತದೆಯೇ? ಸೆಕೆ ನಮ್ಮನ್ನು ಕಾಡುವುದು ಬೆವರು ಆರದ ಕಾರಣಕ್ಕೆ. ಚಿಪ್ಪಿನ ಶಾಖವನ್ನು ಗಾಳಿಗೆ ಬಿಡುವ ಲೋಹದ ರೆಕ್ಕೆಗಳ ಹೀಟ್‌ಸಿಂಕ್ ಬೆವರುವುದಿಲ್ಲವಾದ್ದರಿಂದ 32 ಡಿಗ್ರಿಯ ತೇವದ ಗಾಳಿಯೂ 32 ಡಿಗ್ರಿಯ ಒಣ ಗಾಳಿಯೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಕರಾವಳಿಯಲ್ಲಿ ಹೆದರಬೇಕಾದದ್ದು ಉಪ್ಪು, ತೇವ ಸೇರಿ ಲೋಹದ ಸಂಪರ್ಕಗಳು ಮಾಸುವುದಕ್ಕೆ. ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಮಾಡಿ ಇಡುವುದಕ್ಕಿಂತ ಆಗಾಗ ಒಂದಿಷ್ಟು ಹೊತ್ತು ಓಡಿಸುವುದು ಒಳ್ಳೆಯದು, ಒಳಗಿನ ಬಿಸುಪಿಗೆ ತೇವ ಕೂರುವುದಿಲ್ಲ. ಉತ್ತರ ಕರ್ನಾಟಕದ ಮನೆಗಳ ನೀರಿನ ಏರ್ ಕೂಲರ್ ಒಣ ಹವೆಯಲ್ಲಿ ಕೋಣೆಯ ಗಾಳಿಯನ್ನು ನಿಜವಾಗಿಯೂ ತಂಪು ಮಾಡುತ್ತದೆ, ಅದರಿಂದ ಪಿಸಿಗೂ ಲಾಭ. ಆದರೆ ಅದರ ಬಾಯಿಯನ್ನು ನೇರ ಕ್ಯಾಬಿನೆಟ್ಟಿನ ಕಡೆ ತಿರುಗಿಸಬಾರದು. ಬೋರ್‌ವೆಲ್ ನೀರಿನ ಸಣ್ಣ ಹನಿಗಳು ಒಳಗೆ ಹೋಗಿ ಆರಿದರೆ ಉಪ್ಪಿನಂಶ ಬೋರ್ಡಿನ ಮೇಲೆಯೇ ಉಳಿಯುತ್ತದೆ.

ಹಾಗಾದರೆ ಯಾವ ಭಾಗವನ್ನು ಮೊದಲು ಆರಿಸಬೇಕು? ನನ್ನ ಉತ್ತರ: ಮಾನಿಟರ್. ನಿಮ್ಮ ಯಂತ್ರ ಎಷ್ಟು ಕೆಲಸ ಮಾಡಬೇಕು ಎಂದು ನಿರ್ಧರಿಸುವುದು ಅದು. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ (ಚಿತ್ರದ ಚುಕ್ಕೆಗಳು), 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. 4ಕೆ ಪರದೆ ಕೊಂಡರೆ ಗ್ರಾಫಿಕ್ಸ್ ಕಾರ್ಡು ಪ್ರತಿ ಚಿತ್ರಕ್ಕೂ 1080ಪಿಯ ನಾಲ್ಕು ಪಟ್ಟು ಪಿಕ್ಸೆಲ್ ಬಿಡಿಸಬೇಕು. ಪ್ರೊಸೆಸರಿನ ಕೆಲಸ ಈ ರೀತಿ ಬೆಳೆಯುವುದಿಲ್ಲ. ಶತ್ರು ಎಲ್ಲಿದ್ದಾನೆ, ಗುಂಡು ಎಲ್ಲಿ ತಾಗಿತು, ಗೋಡೆ ಹೇಗೆ ಕುಸಿಯಿತು ಎಂಬ ಲೆಕ್ಕವೆಲ್ಲ ಪ್ರೊಸೆಸರಿನದು. ಪರದೆ ಚಿಕ್ಕದಿರಲಿ ದೊಡ್ಡದಿರಲಿ ಆ ಲೆಕ್ಕ ಅಷ್ಟೇ. ಆದರೆ ಸೆಕೆಂಡಿಗೆ ಎಷ್ಟು ಚಿತ್ರ ಬೇಕು ಎಂಬುದು ಪ್ರೊಸೆಸರಿಗೆ ಮುಖ್ಯ. 60 ಚಿತ್ರ ಸಾಕಾದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡು ಸಿಗುತ್ತದೆ, 144 ಬೇಕೆಂದರೆ ಬರೀ 6.9. ವಾಲೊರಂಟ್, ಕೌಂಟರ್ ಸ್ಟ್ರೈಕ್ ತರಹದ ವೇಗದ ಸ್ಪರ್ಧೆಯ ಆಟ ಆಡುವವರಿಗೆ ಪ್ರೊಸೆಸರ್ ಮುಖ್ಯವಾಗುವುದು ಇದರಿಂದಲೇ. ದೃಶ್ಯವೈಭವದ ಕಥಾಪ್ರಧಾನ ಆಟ ಆಡುವವರ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು.

ಈಗ ಪರದೆಯನ್ನು ವ್ಯಾಟಿಗೆ ಜೋಡಿಸೋಣ. 1080ಪಿಗೆ 115 ವ್ಯಾಟಿನ ಆರ್‌ಟಿಎಕ್ಸ್ 4060, 160 ವ್ಯಾಟಿನ ಸುಮಾರಿನ ಆರ್‌ಎಕ್ಸ್ 9060 ಎಕ್ಸ್‌ಟಿ ದರ್ಜೆಯ ಕಾರ್ಡುಗಳು ಸಾಕು. 1440ಪಿಗೆ 200ರಿಂದ 250 ವ್ಯಾಟಿನವು ಬೇಕು. 4ಕೆಯಲ್ಲಿ ಸರಾಗವಾಗಿ ಆಡಲು 300 ದಾಟಬೇಕಾಗುತ್ತದೆ. ತುದಿಯಲ್ಲಿರುವ ಆರ್‌ಟಿಎಕ್ಸ್ 4090 ಕಾರ್ಡಿನ ಮಿತಿ 450 ವ್ಯಾಟ್, 5090ದ್ದು 575. ಎಸಿ ಇಲ್ಲದ ಕೋಣೆಗೆ ಈ ಕೊನೆಯ ಎರಡನ್ನು ನಾನು ಯಾರಿಗೂ ಹೇಳುವುದಿಲ್ಲ, ದುಡ್ಡಿದ್ದರೂ ಸರಿ. 1440ಪಿ ಮಾನಿಟರ್, 250 ವ್ಯಾಟ್ ಮೀರದ ಕಾರ್ಡು: ನಮ್ಮ ಮನೆಗಳಿಗೆ, ನಮ್ಮ ಬೇಸಿಗೆಗೆ ಇದು ಸರಿಯಾದ ಜೋಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರ್ಡಿನ ಸ್ವಂತ ಮೆಮೊರಿಯನ್ನೂ ನೋಡಿಕೊಳ್ಳಿ. ಹೊಸ ದೊಡ್ಡ ಆಟಗಳಿಗೆ 8 ಜಿಬಿ ಇಕ್ಕಟ್ಟಾಗುತ್ತಿದೆ, ನಾಲ್ಕೈದು ವರ್ಷ ಬಳಸುವ ಯೋಚನೆ ಇದ್ದರೆ 12 ಅಥವಾ 16 ಜಿಬಿ ಇರುವುದನ್ನೇ ಹುಡುಕಿ.

ಪ್ರೊಸೆಸರಿನ ವಿಷಯಕ್ಕೆ ಬಂದರೆ, ಹೆಚ್ಚು ವ್ಯಾಟ್ ಕುಡಿಯುವುದೇ ಹೆಚ್ಚು ವೇಗದ್ದು ಎಂಬ ನಂಬಿಕೆ ಆಟಗಳ ಮಟ್ಟಿಗೆ ಸುಳ್ಳು. ಚಿಪ್ಪಿನೊಳಗಿನ ಕೋಟ್ಯಂತರ ಸ್ವಿಚ್ಚುಗಳು ಖರ್ಚುಮಾಡುವ ಶಕ್ತಿ ಅವುಗಳ ಓಟದ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೆ) ತಕ್ಕಂತೆಯೂ ಏರುತ್ತದೆ. ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕು. ಹೀಗಾಗಿ ಕೊನೆಯ ಐದಾರು ಶೇಕಡಾ ವೇಗಕ್ಕೆ ತೆರಬೇಕಾದ ಶಾಖ ವಿಪರೀತ. ಇಂಟೆಲ್‌ನ ಕೋರ್ ಐ9-14900ಕೆ ಪೂರ್ತಿ ಹೊರೆಯಲ್ಲಿ 253 ವ್ಯಾಟಿನವರೆಗೆ ಹೋಗುವಂತೆ ರೂಪಿಸಿದ ಪ್ರೊಸೆಸರ್. ಅದಕ್ಕಿಂತ ತೀರ ಕಡಿಮೆ ವ್ಯಾಟಿನಲ್ಲಿ 7800ಎಕ್ಸ್3ಡಿ ಎಷ್ಟೋ ಆಟಗಳಲ್ಲಿ ಅದರ ಸರಿಸಮಕ್ಕೆ, ಕೆಲವೆಡೆ ಮುಂದೆಯೇ ನಿಲ್ಲುತ್ತದೆ. ಗುಟ್ಟು ಇರುವುದು ಕ್ಯಾಷ್‌ನಲ್ಲಿ, ಅಂದರೆ ಪ್ರೊಸೆಸರಿನೊಳಗೇ ಇರುವ ಅತಿ ವೇಗದ ಮೆಮೊರಿಯಲ್ಲಿ. ಸಾಮಾನ್ಯ ಎಂಟು ಕೋರಿನ (ಲೆಕ್ಕ ಮಾಡುವ ಘಟಕದ) ರೈಜನ್‌ನಲ್ಲಿ 32 ಎಂಬಿ ಎಲ್3 ಕ್ಯಾಷ್ ಇದ್ದರೆ ಇದರಲ್ಲಿ ಇನ್ನೂ 64 ಎಂಬಿಯ ತೆಳು ಚಿಪ್ಪೊಂದನ್ನು ಮೇಲೆ ಕೂರಿಸಿ 96 ಎಂಬಿ ಮಾಡಿದ್ದಾರೆ. ಆಟಕ್ಕೆ ಬೇಕಾದ ಮಾಹಿತಿ ಕೈಗೆಟುಕುವಲ್ಲೇ ಇರುವುದರಿಂದ ದೂರದ ರ‍್ಯಾಮಿಗೆ ಹೋಗಿ ಕಾಯುವ ಹೊತ್ತು ಉಳಿಯುತ್ತದೆ. ಆದರೆ ಕೋರುಗಳ ಶಾಖ ಹೊರಬರಬೇಕಾದರೆ ಮೇಲಿನ ಆ ಪದರವನ್ನು ದಾಟಬೇಕು, ಮಿತಿ 89 ಡಿಗ್ರಿಗೆ ಇಳಿದದ್ದಕ್ಕೆ ಈ ರಚನೆಯ ನಂಟಿದೆ. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಕ್ಯಾಷನ್ನು ಕೋರುಗಳ ಕೆಳಗೆ ಸರಿಸಿದರು. ಶಾಖ ನೇರ ಮೇಲಕ್ಕೆ ಬರುವಂತಾಯಿತು, ಮಿತಿಯೂ 95ಕ್ಕೆ ಏರಿತು.

ಬಜೆಟ್ ಅಷ್ಟಿಲ್ಲದವರು ಬೇಸರಪಡಬೇಕಿಲ್ಲ. ಆರು ಕೋರಿನ ರೈಜನ್ 5 7600 ಹೆಚ್ಚೆಂದರೆ 88 ವ್ಯಾಟ್ ಎಳೆಯುತ್ತದೆ, 200 ವ್ಯಾಟಿನ ಕಾರ್ಡಿಗೆ ಒಳ್ಳೆಯ ಜೊತೆ. ಅದರ ಡಬ್ಬದಲ್ಲೇ ಬರುವ ಪುಟ್ಟ ಕೂಲರ್ ಚಳಿಗಾಲಕ್ಕೆ ಸಾಕು, ನಮ್ಮ ಬೇಸಿಗೆಗೆ ಸದ್ದು ಮಾಡುತ್ತದೆ. ಸೆಕೆಂಡ್ ಹ್ಯಾಂಡ್ ಇಂಟೆಲ್ 13 ಅಥವಾ 14ನೇ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರ್ ಕಡಿಮೆಗೆ ಸಿಗುತ್ತಿದೆ ಎಂದರೆ ಒಂದು ವಿಷಯ ತಿಳಿದಿರಲಿ. ಹೆಚ್ಚಿನ ವೋಲ್ಟೇಜಿನಿಂದ ಕೆಲವು ಚಿಪ್ಪುಗಳು ಕಾಲಕ್ರಮೇಣ ಅಸ್ಥಿರವಾಗುವ ಸಮಸ್ಯೆಯನ್ನು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ಸರಿಪಡಿಸುವ ಮೈಕ್ರೋಕೋಡ್ (ಪ್ರೊಸೆಸರಿನ ಒಳ ತಂತ್ರಾಂಶ) ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಹಾಳಾಗಿರುವ ಚಿಪ್ಪನ್ನು ಆ ಮೈಕ್ರೋಕೋಡ್ ಇರುವ ಹೊಸ ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ರಿಪೇರಿ ಮಾಡಲಾರದು. ಬಿಲ್ಲು, ವಾರಂಟಿ ಇಲ್ಲದೆ ಅದನ್ನು ಕೊಳ್ಳಬೇಡಿ.

ಇನ್ನು ಗಾಳಿ. ಕ್ಯಾಬಿನೆಟ್ಟಿಗೆ ಎಷ್ಟು ಫ್ಯಾನು ಬೇಕು ಎಂಬುದಕ್ಕೆ ಊಹೆ ಬೇಕಿಲ್ಲ, ಲೆಕ್ಕ ಸುಲಭ. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,200 ಜೂಲ್ ಬೇಕು. ಕ್ಯಾಬಿನೆಟ್ಟಿನೊಳಗೆ 350 ವ್ಯಾಟ್, ಎಂದರೆ ಸೆಕೆಂಡಿಗೆ 350 ಜೂಲ್ ಶಾಖ ಹುಟ್ಟುತ್ತಿದೆ. ಒಳಬಂದ ಗಾಳಿ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗದೆ ಹೊರಹೋಗಬೇಕಾದರೆ ಸೆಕೆಂಡಿಗೆ ಸುಮಾರು 29 ಲೀಟರ್ ಗಾಳಿ ಹಾಯಬೇಕು. ಫ್ಯಾನಿನ ಡಬ್ಬದ ಮೇಲೆ ಬರೆಯುವ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಅಳತೆಯಲ್ಲಿ ಇದು 62. ಒಂದು ಸಾಧಾರಣ 120 ಮಿಲಿಮೀಟರ್ ಫ್ಯಾನಿನ ಮೇಲೆ 50–60 ಸಿಎಫ್‌ಎಂ ಎಂದು ಬರೆದಿರುತ್ತದೆ. ಆದರೆ ಅದು ಎದುರಿಗೆ ಯಾವ ಅಡ್ಡಿಯೂ ಇಲ್ಲದಾಗಿನ ಅಂಕಿ. ಜಾಲರಿ, ಧೂಳಿನ ಫಿಲ್ಟರ್, ಒಳಗಿನ ಕೇಬಲ್ಲುಗಳನ್ನು ದಾಟುವಾಗ ಅರ್ಧದಷ್ಟು ಸಿಕ್ಕಿತೆಂದು ಇಟ್ಟುಕೊಳ್ಳುವುದು ಸುರಕ್ಷಿತ. ಅಲ್ಲಿಗೆ ಮುಂದೆ ಎರಡು ಫ್ಯಾನು ಒಳಗೆಳೆಯಲು, ಹಿಂದೆ ಒಂದು ಹೊರಹಾಕಲು, ಇದು ಕನಿಷ್ಠ. ಮುಂದೆ ಮೂರು ಹಾಕಿದರೆ ಒಳಗಿನ ಏರಿಕೆ ಏಳು ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಅದರಾಚೆ ಒಂದೊಂದು ಫ್ಯಾನು ಸೇರಿಸಿದ ಹಾಗೂ ಲಾಭ ಕಡಿಮೆಯಾಗುತ್ತ ಹೋಗುತ್ತದೆ. ಒಂಬತ್ತು, ಹತ್ತು ಬಣ್ಣದ ಫ್ಯಾನು ತುಂಬಿದ ಕ್ಯಾಬಿನೆಟ್ಟುಗಳು ಕಣ್ಣಿಗೆ ಚೆಂದ, ತಂಪಿಗೆ ಅಷ್ಟು ಬೇಡ.

ಇದೇ ಲೆಕ್ಕ ಕ್ಯಾಬಿನೆಟ್ ಆಯ್ಕೆಗೂ ದಾರಿ ತೋರಿಸುತ್ತದೆ. ಮುಂಭಾಗ ಪೂರ್ತಿ ಗಾಜು ಅಥವಾ ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಪಕ್ಕದಲ್ಲಿ ಬೆರಳಗಲದ ಸೀಳು ಬಿಟ್ಟಿರುವ ಕ್ಯಾಬಿನೆಟ್‌ನಲ್ಲಿ ಎಷ್ಟು ಒಳ್ಳೆಯ ಫ್ಯಾನು ಹಾಕಿದರೂ ಗಾಳಿಗೆ ದಾರಿಯಿಲ್ಲ. ಮುಂಭಾಗ ಜಾಲರಿಯಿರುವುದನ್ನೇ ಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯಲ್ಲಿ ಕೊಳ್ಳುವುದಾದರೆ ಮುಂಭಾಗದ ಪ್ಯಾನೆಲ್ ಬಿಚ್ಚಿ ತೋರಿಸಲು ಕೇಳಿ. ಫಿಲ್ಟರ್ ಕೈಯಲ್ಲಿ ಎಳೆದರೆ ಬರುತ್ತದೆಯೇ, ತೊಳೆಯಬಹುದೇ ನೋಡಿ. ಹೊರಹಾಕುವ ಗಾಳಿಗಿಂತ ಒಳಗೆಳೆಯುವುದು ಸ್ವಲ್ಪ ಹೆಚ್ಚಿದ್ದರೆ ಸಂದುಗೊಂದುಗಳಿಂದ ಗಾಳಿ ಹೊರಗೆ ನುಗ್ಗುತ್ತಿರುತ್ತದೆ, ಧೂಳು ಫಿಲ್ಟರಿನಲ್ಲೇ ನಿಲ್ಲುತ್ತದೆ. ಹೊರಹಾಕುವುದು ಹೆಚ್ಚಾದರೆ ಫಿಲ್ಟರ್ ಇಲ್ಲದ ಪ್ರತಿ ಸೀಳಿನಿಂದಲೂ ಧೂಳು ಒಳಗೆ ಬರುತ್ತದೆ. ಫ್ಯಾನು ಯಾವ ಕಡೆ ಊದುತ್ತದೆ ಎಂದು ಗೊತ್ತಾಗದಿದ್ದರೆ ಹಿಂದೆ ಮುಂದೆ ತಿರುಗಿಸಿ ನೋಡಿ. ನಡುವಿನ ಮೋಟಾರನ್ನು ಹಿಡಿದ ನಾಲ್ಕು ಕಡ್ಡಿಗಳು ಕಾಣುವ ಬದಿಯಿಂದ ಗಾಳಿ ಹೊರಬರುತ್ತದೆ. ಎಲ್ಲ ಮುಗಿದ ಮೇಲೆ ಪಿಸಿಯನ್ನು ಮೇಜಿನ ಕೆಳಗಿನ ಬಾಗಿಲಿರುವ ಗೂಡಿನೊಳಗೆ ತೂರಿಸಿದರೆ ಈ ಲೆಕ್ಕವೆಲ್ಲ ವ್ಯರ್ಥ. ಹೊರಹೋದ ಬಿಸಿ ಗಾಳಿಯೇ ಸುತ್ತಿ ಒಳಬರುತ್ತದೆ. ಹಿಂಬದಿಗೂ ಗೋಡೆಗೂ ನಡುವೆ ಕನಿಷ್ಠ ಒಂದು ಗೇಣು ಬಿಡಿ.

ಪ್ರೊಸೆಸರ್ ಕೂಲರಿನಲ್ಲಿ ಎಲ್ಲರ ಪ್ರಶ್ನೆ ಒಂದೇ: ಗಾಳಿಯದೋ, ನೀರಿನದೋ? ಮೊದಲು ಗಾಳಿಯ ಕೂಲರಿನ ಒಳಗುಟ್ಟು ತಿಳಿಯೋಣ, ಏಕೆಂದರೆ ಅದರಲ್ಲೂ ನೀರಿದೆ. ಹೀಟ್ ಪೈಪ್ ಎನ್ನುವ ಆ ತಾಮ್ರದ ಕೊಳವೆ ಗಟ್ಟಿ ಕಂಬಿಯಲ್ಲ. ಒಳಗಿನ ಗಾಳಿ ತೆಗೆದು, ಒಂದಿಷ್ಟೇ ನೀರು ಹಾಕಿ ಮುಚ್ಚಿರುತ್ತಾರೆ. ಗಾಳಿ ಇಲ್ಲದ್ದರಿಂದ ನೀರು ಕಡಿಮೆ ಉಷ್ಣತೆಯಲ್ಲೇ ಆವಿಯಾಗುತ್ತದೆ. ಆವಿ ತಂಪಾದ ತುದಿಗೆ ಹೋಗಿ, ಅನ್ನದ ಪಾತ್ರೆಯ ಮುಚ್ಚಳದಡಿ ಹಬೆ ಹನಿಗಟ್ಟುವಂತೆ ಮತ್ತೆ ನೀರಾಗಿ ಶಾಖವನ್ನು ಅಲ್ಲಿ ಬಿಟ್ಟುಕೊಡುತ್ತದೆ. ಒಳಗೋಡೆಯ ಸೂಕ್ಷ್ಮ ರಂಧ್ರಗಳ ಪದರ ಆ ನೀರನ್ನು ಹೀರಿ ಬಿಸಿ ತುದಿಗೆ ಮರಳಿಸುತ್ತದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ರೂಪಿಸಿದ ಈ ಉಪಾಯ ಮೊದಲು ಬಾಹ್ಯಾಕಾಶದ ಕೆಲಸಕ್ಕೆ ಬಂತು. ಇಂದು ನಾಲ್ಕು ಕೊಳವೆಯ ಸಾಧಾರಣ ಕೂಲರಿನಲ್ಲೂ ಅದೇ ಇದೆ. ಪಂಪಿಲ್ಲ, ಸೋರುವುದಿಲ್ಲ. ಕೆಡುವ ಭಾಗವೆಂದರೆ ಫ್ಯಾನು ಮಾತ್ರ, ಅದನ್ನು ಬದಲಿಸುವುದು ಸುಲಭ.

ನೀರಿನ ಕೂಲರಿನಲ್ಲಿ ಪಂಪು ದ್ರವವನ್ನು ರೇಡಿಯೇಟರಿಗೆ ಕಳಿಸುತ್ತದೆ, ಅಲ್ಲಿ ಫ್ಯಾನು ಗಾಳಿ ಊದುತ್ತದೆ. ಕೊನೆಗೆ ಶಾಖ ಹೋಗುವುದು ಅದೇ ಕೋಣೆಯ ಗಾಳಿಗೇ. ದೊಡ್ಡ ರೇಡಿಯೇಟರಿನಿಂದ ಹೆಚ್ಚು ಮೇಲ್ಮೈ ಸಿಗುತ್ತದೆ, ದ್ರವ ಒಂದಿಷ್ಟು ಹೊತ್ತು ಶಾಖವನ್ನು ತಡೆದಿಟ್ಟುಕೊಳ್ಳುತ್ತದೆ, ಅದರ ಅನುಕೂಲ ಇಷ್ಟು. 250 ವ್ಯಾಟಿನ ಪ್ರೊಸೆಸರ್ ಇಟ್ಟುಕೊಂಡು ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡುವವರಿಗೆ 360 ಮಿಲಿಮೀಟರಿನದು ಸಾರ್ಥಕ. ಬರೀ ಆಟಕ್ಕೆ, 150 ವ್ಯಾಟಿಗಿಂತ ಕಡಿಮೆ ಎಳೆಯುವ ಪ್ರೊಸೆಸರಿಗೆ, ನಾನು ಗಾಳಿಯ ಕೂಲರನ್ನೇ ಹೇಳುತ್ತೇನೆ. ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. ನೀರಿನದನ್ನೇ ಹಾಕುವುದಾದರೆ ಪಂಪು ರೇಡಿಯೇಟರಿನ ಮೇಲ್ತುದಿಗಿಂತ ಕೆಳಗಿರಬೇಕು, ಇಲ್ಲವಾದರೆ ಒಳಗಿನ ಗಾಳಿಗುಳ್ಳೆಗಳು ಪಂಪಿನಲ್ಲಿ ಸೇರಿ ಸದ್ದು ಮಾಡುತ್ತವೆ, ಅದರ ಆಯುಸ್ಸೂ ಕಡಿಮೆಯಾಗುತ್ತದೆ. ಗಾಳಿಯ ಕೂಲರ್ ಕೊಳ್ಳುವಾಗ ಎತ್ತರ ನೋಡಿ. ನಾಕ್ಟುವಾ ಎನ್‌ಎಚ್-ಡಿ15 ಎತ್ತರ 165 ಮಿಲಿಮೀಟರ್, ಹಲವು ಸಣ್ಣ ಕ್ಯಾಬಿನೆಟ್ಟುಗಳ ಪಕ್ಕದ ಗಾಜು ಅದರ ಮೇಲೆ ಮುಚ್ಚುವುದೇ ಇಲ್ಲ.

ಕೂಲರ್ ಕೂರಿಸುವ ಹತ್ತು ನಿಮಿಷ ನಿಧಾನ ಮಾಡಿ. ತಾಮ್ರದ ತಳ ಕಣ್ಣಿಗೆ ಸಪಾಟಾಗಿ ಕಂಡರೂ ಅದಕ್ಕೂ ಪ್ರೊಸೆಸರಿನ ಮುಚ್ಚಳಕ್ಕೂ ನಡುವೆ ಸೂಕ್ಷ್ಮ ತಗ್ಗುಗಳಿರುತ್ತವೆ, ಅವುಗಳಲ್ಲಿ ಗಾಳಿ ಕೂರುತ್ತದೆ. ಶಾಖವನ್ನು ಸಾಗಿಸುವುದರಲ್ಲಿ ಗಾಳಿ ತಾಮ್ರಕ್ಕಿಂತ ಸುಮಾರು 15,000 ಪಟ್ಟು ಕೆಟ್ಟದು. ನಡುವೆ ಹಚ್ಚುವ ಥರ್ಮಲ್ ಪೇಸ್ಟಿನ ಕೆಲಸ ಆ ಗಾಳಿಯನ್ನು ಹೊರತಳ್ಳುವುದು. ಪೇಸ್ಟ್ ಗಾಳಿಗಿಂತ ಎಷ್ಟೋ ಮೇಲು, ತಾಮ್ರಕ್ಕಿಂತ ಎಷ್ಟೋ ಕೀಳು. ಹಾಗಾಗಿ ದಪ್ಪಗೆ ಮೆತ್ತಬಾರದು. ನಡುವೆ ಬಟಾಣಿ ಕಾಳಿನಷ್ಟು ಇಟ್ಟರೆ ಒತ್ತಡಕ್ಕೆ ತಾನೇ ಹರಡುತ್ತದೆ. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಮಾಡದೆ, ಎದುರುಬದುರಿನದಕ್ಕೆ ಎರಡೆರಡು ಸುತ್ತು ಕೊಡುತ್ತ ಸಮನಾಗಿ ಕೂರಿಸಿ. ತಳಕ್ಕೆ ಅಂಟಿಸಿರುವ ತೆಳು ಪಾರದರ್ಶಕ ಹಾಳೆಯನ್ನು ಕಿತ್ತಿದ್ದೀರಾ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಹೊಸ ಪಿಸಿ ಆನ್ ಮಾಡಿದ ಒಂದೇ ನಿಮಿಷದಲ್ಲಿ 95 ಡಿಗ್ರಿ ತೋರಿಸಿದರೆ ಮೊದಲು ಅನುಮಾನಿಸಬೇಕಾದದ್ದು ಆ ಹಾಳೆಯನ್ನು.

ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಗ್ರಾಫಿಕ್ಸ್ ಕಾರ್ಡು ಸರಾಸರಿ 220 ವ್ಯಾಟ್ ತೋರಿಸಿದರೂ ಮಿಲಿಸೆಕೆಂಡುಗಳ ಮಟ್ಟಿಗೆ ಅದರ ಎರಡು ಪಟ್ಟಿನ ಹತ್ತಿರ ಜಿಗಿಯಬಲ್ಲದು. ಕಳಪೆ ಎಸ್‌ಎಂಪಿಎಸ್ ಆ ಜಿಗಿತಕ್ಕೆ ಬೆದರಿ ಆಫ್ ಆಗುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಎಸ್‌ಎಂಪಿಎಸ್ ಇಂಥ ಕ್ಷಣಿಕ ಭಾರವನ್ನು ತಾಳಿಕೊಳ್ಳಬೇಕೆಂದೇ ಹೇಳುತ್ತದೆ. ನಮ್ಮ ಉದಾಹರಣೆಯ ಯಂತ್ರಕ್ಕೆ ದಕ್ಷತೆಯಲ್ಲಿ ಗೋಲ್ಡ್ ದರ್ಜೆಯ 650 ವ್ಯಾಟಿನದು ಸಾಕು, 300 ವ್ಯಾಟಿನ ಕಾರ್ಡಿಗೆ 750 ಇರಲಿ. ಹೊಸ ಕಾರ್ಡುಗಳ ಒಂದೇ ದಪ್ಪ ಪವರ್ ಪ್ಲಗ್ಗನ್ನು ಸದ್ದಾಗುವವರೆಗೆ, ಅಂಚಿನಲ್ಲಿ ಕೂದಲೆಳೆಯ ಸಂದೂ ಕಾಣದಂತೆ ಪೂರ್ತಿ ಒತ್ತಿ. 2022ರ ಕೊನೆಯಲ್ಲಿ 4090 ಕಾರ್ಡುಗಳ ಪ್ಲಗ್ ಕರಗಿದ ಪ್ರಕರಣಗಳಲ್ಲಿ ಅರೆಬರೆ ಕೂತ ಪ್ಲಗ್ಗೇ ಮುಖ್ಯ ಕಾರಣವೆಂದು ಎನ್‌ವಿಡಿಯಾ ಹೇಳಿತ್ತು.

ಮನೆಯ ಕರೆಂಟಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ, ಏಕೆಂದರೆ ಇದನ್ನು ವಿದೇಶಿ ವಿಡಿಯೋಗಳು ಹೇಳುವುದಿಲ್ಲ. ಕ್ಯಾಬಿನೆಟ್ಟಿನ ಲೋಹದ ಭಾಗಕ್ಕೆ ಬರಿಗಾಲಲ್ಲಿ ನಿಂತು ಕೈ ತಾಗಿಸಿದರೆ ಜುಂ ಎನ್ನುತ್ತದೆಯೇ? ಸಾಮಾನ್ಯವಾಗಿ ಪಿಸಿಯ ದೋಷವಲ್ಲ, ಆ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಅತಿ ಸಣ್ಣ ಕರೆಂಟು ಭೂಮಿಗೆ ಇಳಿಯಲು ದಾರಿ ಸಿಗದೆ ಕ್ಯಾಬಿನೆಟ್ಟಿನ ಮೈಯಲ್ಲಿ ನಿಂತಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಸರಿಮಾಡಿಸದೆ ಆ ಸಾಕೆಟ್ಟಿನಲ್ಲಿ ಪಿಸಿ ಓಡಿಸಬೇಡಿ. ಅಂಗಡಿಯವರು ಕೊಡುವ ಅಗ್ಗದ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ತಾಳುತ್ತದೆ. ಆಟದ ನಡುವೆ ಕರೆಂಟ್ ಹೋದರೆ ನಮ್ಮ 390 ವ್ಯಾಟಿನ ಯಂತ್ರ, ಮಾನಿಟರ್ ಎರಡೂ ಅದರ ಜೊತೆ ಆಫ್ ಆಗುತ್ತವೆ. 1000 ವಿಎಗಿಂತ ಮೇಲಿನದನ್ನು, ಅದರ ವ್ಯಾಟ್ ಅಂಕಿ ಓದಿ ಕೊಳ್ಳಿ. ಮನೆಯ ಇನ್ವರ್ಟರಿಗೇ ಜೋಡಿಸುವುದಾದರೆ ಅದು ಶುದ್ಧ ಸೈನ್ ವೇವ್ ಕೊಡುವಂಥದ್ದಾಗಿರಲಿ, ಹಿಂದಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿರಲಿ. ಕರೆಂಟ್ ಕಡಿದಾಗ ಎಸ್‌ಎಂಪಿಎಸ್ ತನ್ನ ಶಕ್ತಿಯಲ್ಲಿ ತಾಳುವುದು ಬರೀ 16 ಮಿಲಿಸೆಕೆಂಡಿನಷ್ಟು.

ಉಳಿದ ಭಾಗಗಳಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ರ‍್ಯಾಮ್ 16 ಜಿಬಿಯ ಎರಡು ಕಡ್ಡಿ ಇರಲಿ, ಒಂದೇ 32 ಬೇಡ. ಎರಡಿದ್ದರೆ ಮಾಹಿತಿ ಹರಿಯುವ ದಾರಿ ಎರಡಾಗುತ್ತದೆ. ಬಯೋಸಿಗೆ ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂಬ ಪೂರ್ತಿ ವೇಗದ ಸೆಟ್ಟಿಂಗ್ ಆನ್ ಮಾಡದಿದ್ದರೆ 6000ದ ರ‍್ಯಾಮ್ ಕೂಡ 4800ರಲ್ಲೇ ಓಡುತ್ತಿರಬಹುದು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು, ಹಾಗಾಗಿ ಹಳೆಯ ವಿಡಿಯೋ ನೋಡಿ ಬಜೆಟ್ ಹಾಕಬೇಡಿ. ಎಸ್‌ಎಸ್‌ಡಿ ನಾಲ್ಕನೇ ತಲೆಮಾರಿನ 1 ಟಿಬಿ ಸಾಕು. ಐದನೆಯದರ ಮೊದಲ ಮಾದರಿಗಳು ಬಹಳ ಬಿಸಿಯಾಗುತ್ತವೆ, ಆಟದಲ್ಲಿ ಆ ವೇಗದ ವ್ಯತ್ಯಾಸ ಗೊತ್ತಾಗುವುದು ಕಡಿಮೆ. ಮದರ್‌ಬೋರ್ಡು ಬಿ650 ದರ್ಜೆಯದು, ಪ್ರೊಸೆಸರಿಗೆ ಕರೆಂಟ್ ಒದಗಿಸುವ ಭಾಗದ ಮೇಲೆ ಹೀಟ್‌ಸಿಂಕ್ ಇರುವುದು, ಅಷ್ಟೇ ನೋಡಿ.

ಎಲ್ಲಕ್ಕಿಂತ ಅಗ್ಗದ ಕೂಲಿಂಗ್ ಸಾಫ್ಟ್‌ವೇರಿನಲ್ಲಿದೆ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದೆನಲ್ಲ, ಇಳಿಯುವುದೂ ಹಾಗೆಯೇ. ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿಸಿದರೆ ಆ ಬಾಬ್ತಿನ ಶಾಖ ನೂರಕ್ಕೆ 19ರಷ್ಟು ಇಳಿಯುತ್ತದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟನ್ನು ನೂರರಿಂದ 80ಕ್ಕೆ ಎಳೆದು ನೋಡಿ. 220 ವ್ಯಾಟ್ 176ಕ್ಕೆ ಬರುತ್ತದೆ, ಸೆಕೆಂಡಿಗೆ ಬರುವ ಚಿತ್ರಗಳಲ್ಲಿ ಕಳೆದುಕೊಳ್ಳುವುದು ಸಾಮಾನ್ಯವಾಗಿ ಕೆಲವೇ ಶೇಕಡಾ. ಮಾನಿಟರ್ 144 ಹರ್ಟ್ಜ್‌ದಾದರೆ ಚಿತ್ರಗಳನ್ನೂ ಅಲ್ಲಿಗೇ ಮಿತಿಗೊಳಿಸಿ. ಕಾಣದ ಚಿತ್ರ ಬಿಡಿಸಲು ಕರೆಂಟ್ ಏಕೆ? ಗೃಹಜ್ಯೋತಿಯ ಫಲಾನುಭವಿಗಳಿಗೆ ಇದು ದುಡ್ಡಿನ ಲೆಕ್ಕವೂ ಹೌದು. ಮಾನಿಟರೂ ಸೇರಿ 430 ವ್ಯಾಟ್, ದಿನಕ್ಕೆ ನಾಲ್ಕು ಗಂಟೆಯೆಂದರೆ ತಿಂಗಳಿಗೆ 50 ಯೂನಿಟ್ ದಾಟುತ್ತದೆ. ಮನೆಯ ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು.

ಜೋಡಣೆ ಮುಗಿದ ಮೇಲೆ ನೀವು ನಿಜವಾಗಿ ಆಡುವ ಆಟವನ್ನೇ ಅರ್ಧ ಗಂಟೆ ಆಡಿ, ಎಚ್‌ಡಬ್ಲ್ಯೂಇನ್ಫೋ ತರಹದ ಉಚಿತ ತಂತ್ರಾಂಶದಲ್ಲಿ ಗರಿಷ್ಠ ಉಷ್ಣತೆ ನೋಡಿ. ಪಕ್ಕದಲ್ಲಿ ಒಂದು ಸಾಧಾರಣ ಕೋಣೆಯ ಥರ್ಮಾಮೀಟರ್ ಇರಲಿ. ರೈಜನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಎಲ್ಲ ಕೋರುಗಳಿಗೂ ಕೆಲಸ ಕೊಡುವ ಪರೀಕ್ಷೆಯಲ್ಲಿ 95ಕ್ಕೆ ಹೋಗಿ ನಿಲ್ಲುವಂತೆಯೇ ರೂಪುಗೊಂಡಿವೆ, ಅದನ್ನು ನೋಡಿ ಗಾಬರಿಬೇಡ. ಬರೆದಿಟ್ಟುಕೊಳ್ಳಬೇಕಾದದ್ದು ಆಟದ ಉಷ್ಣತೆಯಿಂದ ಕೋಣೆಯ ಉಷ್ಣತೆ ಕಳೆದಾಗ ಉಳಿಯುವ ಅಂಕಿ. ಆರು ತಿಂಗಳ ನಂತರ ಅದೇ ಆಟ, ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ಅಳೆಯಿರಿ. ಕಾರ್ಡಿನ ಅಂತರ 40ರಿಂದ 43 ಆಗಿದ್ದರೆ ಚಿಂತೆಯಿಲ್ಲ. 48 ಆಗಿದ್ದರೆ ಬಿಸಿಲನ್ನು ದೂರಬೇಡಿ, ಫಿಲ್ಟರ್ ಬಿಚ್ಚಿ ತೊಳೆದು ಒಣಗಿಸಿ. ಹೀಟ್‌ಸಿಂಕಿನ ರೆಕ್ಕೆಗಳಿಗೆ ಬ್ಲೋವರ್ ಹಿಡಿಯುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಒತ್ತಿಹಿಡಿಯಿರಿ, ಗಾಳಿಯ ರಭಸಕ್ಕೆ ಅಳತೆಮೀರಿ ತಿರುಗಿದರೆ ಅದರ ಬೇರಿಂಗ್ ಕೆಡುತ್ತದೆ. ಧೂಳು ತೆಗೆದ ಮೇಲೂ ಅಂತರ ಇಳಿಯದಿದ್ದರೆ ಆಗ ಪೇಸ್ಟ್ ಬದಲಿಸುವ ಸಮಯ ಬಂದಿದೆ ಎಂದರ್ಥ. ಕಾರ್ಡಿಗೆ ವಾರಂಟಿ ಇನ್ನೂ ಇದ್ದರೆ ಅದನ್ನು ಬಿಚ್ಚುವ ಮೊದಲು ಸರ್ವಿಸ್ ಸೆಂಟರಿಗೆ ಕೇಳಿ.